ಮೀನಿನ ಬೈಕು ಓಮನ್ ಗಡಿ ದಾಟಿದ್ದು

ಅಪ್ಪ ಇಪ್ಪತ್ತು ವರ್ಷಕ್ಕೂ ಮೇಲಿನಿಂದ ಬೈಕಿನಲ್ಲಿ ಮೀನು ಮಾರುತ್ತಿದ್ದಾರೆ. ನಮ್ಮ ಮನೆ ಬೈಂದೂರು ತಾಲೂಕಿನ ನಾವುಂದದಲ್ಲಿ. ಅಲ್ಲಿಂದ ನಸುಕಿಗೆ ಹೊರಟು, ಕುಂದಾಪುರ ತಾಲೂಕಿನ ಗಂಗೊಳ್ಳಿ ಬಂದರಿನ ಹರಾಜಿನಲ್ಲಿ ಮೀನು ಎತ್ತಿ, ಪೆಟ್ಟಿಗೆಗೆ ಮಂಜುಗಡ್ಡೆ ತುಂಬಿ, ಬಿಸಿಲೇರುವ ಮೊದಲು ಹಾಲಾಡಿ ಪೇಟೆ ಮುಟ್ಟುತ್ತಾರೆ. ಮೀನು ಉಳಿದ ದಿನ ಬ್ರಹ್ಮಾವರ ತಾಲೂಕಿನ ಮಂದಾರ್ತಿ ಕಡೆಗೂ ಒಂದು ಸುತ್ತು. ಅವರ ಹಾರ್ನಿನ ಸದ್ದಿಗೆ ಮೊದಲು ಬರುವುದು ಬೆಕ್ಕುಗಳು, ಆಮೇಲೆ ಗಿರಾಕಿಗಳು.

ಅವರ ಮಗಳಾದ ನಾನು ಹೈಸ್ಕೂಲಿನಿಂದ ದಿನಚರಿ ಬರೆಯುತ್ತ ಬಂದಿದ್ದೇನೆ. ಅದರಲ್ಲಿ ಮನಸ್ಸಿನ ಮಾತಿಗಿಂತ ಲೆಕ್ಕವೇ ಹೆಚ್ಚು. ಎಷ್ಟು ದಿನ ಮಳೆ ಬಂತು, ಎಷ್ಟು ದಿನ ಕರೆಂಟ್ ಹೋಯಿತು, ಅಪ್ಪನ ಬೈಕು ಎಷ್ಟು ಓಡಿತು. ಮೀಟರು ಕೆಟ್ಟು ನಿಂತ ವರ್ಷಗಳಲ್ಲಿ ಊರಿಂದೂರಿಗೆ ಇರುವ ದೂರವನ್ನು ಕೂಡಿಸಿ ಬರೆದದ್ದೂ ಉಂಟು. ಶಾರ್ಜಾದಲ್ಲಿ ಕೆಲಸಕ್ಕೆ ಸೇರಿದ ಮೇಲೆ ಒಂದು ರಜೆಯ ದಿನ ಕೂತು ಆ ಕಿಲೋಮೀಟರುಗಳನ್ನೆಲ್ಲ ಒಟ್ಟು ಹಾಕಿ ಭೂಮಿಯ ಸುತ್ತಳತೆಯಿಂದ ಭಾಗಿಸಿದೆ. ಹತ್ತು ಸುತ್ತು ಆಗಿ ಇನ್ನೂ ಸ್ವಲ್ಪ ಮಿಕ್ಕಿತು. ಹತ್ತು ಸಲ ಭೂಮಿ ಸುತ್ತಿದ ಮನುಷ್ಯ ಬೈಕಿನಲ್ಲಿ ದಾಟಿದ್ದು ತಾಲೂಕಿನ ಗಡಿಗಳನ್ನು ಮಾತ್ರ. ದೇಶದ ಗಡಿ ಒಂದನ್ನಾದರೂ ಅವರು ಅದೇ ಬೈಕಿನಲ್ಲಿ ದಾಟಬೇಕು ಎಂದು ಅಂದೇ ಮನಸ್ಸಿನಲ್ಲಿ ಬರೆದುಕೊಂಡೆ.

ಇದು ಆಗದ ಕೆಲಸವೇನಲ್ಲ. ಭಾರತದಿಂದ ತಮ್ಮದೇ ಬೈಕನ್ನು ಹಡಗಿಗೆ ಹಾಕಿ ತಂದು ಅರಬ್ ದೇಶಗಳಲ್ಲಿ ಓಡಿಸಿ ವಾಪಸು ಒಯ್ಯುವವರನ್ನು ನಾನು ಶಾರ್ಜಾದಲ್ಲಿ ಕಂಡಿದ್ದೆ. ಅದಕ್ಕೆ ಕಾರ್ನೆ ಎಂಬ ಒಂದು ಪುಸ್ತಕ ಬೇಕು. ಗಾಡಿಯ ಪಾಸ್‌ಪೋರ್ಟ್ ಎಂದರೆ ಸರಿಯಾದೀತು. ಗಾಡಿ ಪರದೇಶಕ್ಕೆ ಹೋಗಿ ಅಲ್ಲೇ ಮಾರಿಹೋಗುವುದಿಲ್ಲ, ಮರಳಿ ಬರುತ್ತದೆ ಎನ್ನುವುದಕ್ಕೆ ಅದು ಖಾತ್ರಿ. ಪ್ರತಿ ಗಡಿಯಲ್ಲೂ ಅದಕ್ಕೆ ಒಳಗೆ ಬಂದ ಮುದ್ರೆ, ಹೊರಗೆ ಹೋದ ಮುದ್ರೆ ಬೀಳಬೇಕು. ಬೈಕು ಅಪ್ಪನ ಹೆಸರಿನಲ್ಲಿ ಇದ್ದುದರಿಂದ ಕಾರ್ನೆಯೂ ಅವರ ಹೆಸರಿನಲ್ಲೇ ಆಯಿತು. ಕರೆದೊಯ್ಯಲು ನನಗೆ ಅಷ್ಟು ನೆಪ ಸಾಕಾಗಿತ್ತು.

ತೊಡಕು ಬಂದದ್ದು ತಿಂಗಳಿನದು. ಆ ಮರಳುಗಾಡಿನಲ್ಲಿ ಬೈಕು ಓಡಿಸುವವರೆಲ್ಲ ಡಿಸೆಂಬರ್, ಜನವರಿಯಲ್ಲಿ ಹೊರಡುತ್ತಾರೆ. ನಾನೂ ಅದನ್ನೇ ಹೇಳಿದೆ. ಅಪ್ಪ ಫೋನಿನಲ್ಲಿ ಕೇಳಿದರು:

"ಡಿಸೆಂಬರಂಗೆ ನಾ ಅಲ್ಲಿಗ್ ಬಂದ್ರೆ ಹಾಲಾಡಿಯವ್ರಿಗೆ ಮೀನ್ ಕೊಡುದ್ ಯಾರ್?"

ನಮ್ಮ ಕಡಲಿನಲ್ಲಿ ದೊಡ್ಡ ಬೋಟುಗಳಿಗೆ ರಜೆ ಸಿಗುವುದು ಜೂನ್, ಜುಲೈ ಎರಡೇ ತಿಂಗಳು. ಅಪ್ಪನ ಬೈಕು ತಣ್ಣಗೆ ನಿಲ್ಲುವುದೂ ಅದೇ ಎರಡು ತಿಂಗಳು. ಆಗಸ್ಟ್ ಬಂತೆಂದರೆ ಬೈಕು ಬಂದರಿನಲ್ಲಿ ಇರಲೇಬೇಕು. ಇಲ್ಲದಿದ್ದರೆ ಆ ದಾರಿಯ ಗಿರಾಕಿಗಳನ್ನು ಇನ್ನೊಬ್ಬರು ಹಿಡಿಯುತ್ತಾರೆ. ಒಮ್ಮೆ ಬಿಟ್ಟ ಗಿರಾಕಿ ಬಿಟ್ಟಂತೆಯೇ. ಹಾಗಾಗಿ ಅಪ್ಪ ಒಂದೇ ಷರತ್ತು ಹಾಕಿದರು, ಆಗಸ್ಟಿಗೆ ಬೈಕು ಊರಿಗೆ ಮುಟ್ಟಬೇಕು. ನಾನು ಮಾತು ಕೊಟ್ಟೆ. ಜೂನ್ ತಿಂಗಳಲ್ಲಿ ಬೈಕಿನಲ್ಲಿ ಓಮನಿಗೆ ಹೋಗುತ್ತೇವೆ ಎಂದಾಗ ಆಫೀಸಿನಲ್ಲಿ ನನ್ನ ಮುಖವನ್ನು ಒಂದು ನಮೂನೆ ನೋಡಿದರು. ಒಬ್ಬರಂತೂ, ಜೂನಿನಲ್ಲಿ ಒಂಟೆಗಳೇ ನೆರಳು ಬಿಟ್ಟು ಏಳುವುದಿಲ್ಲ ಎಂದು ಎಚ್ಚರಿಸಿದರು.

ಊರಿನಲ್ಲೂ ತಮಾಷೆಗೆ ಕಡಿಮೆ ಇರಲಿಲ್ಲವಂತೆ. ಮೇ ತಿಂಗಳ ಕೊನೆಗೆ ಬೈಕನ್ನು ರೈಲಿನಲ್ಲಿ ಮುಂಬೈಗೆ ಕಳಿಸುವ ದಿನ ಬಂದರಿನ ಗೆಳೆಯರೊಬ್ಬರು ಕೂಗಿ ಕೇಳಿದ್ದನ್ನು ಅಮ್ಮ ನನಗೆ ಫೋನಿನಲ್ಲಿ ನಗುತ್ತ ಹೇಳಿದಳು: "ಹ್ವಾಯ್, ಅಲ್ಲ್ ಒಂಟಿಗ್ ಕೇಜಿಗೆ ರೇಟ್ ಎಷ್ಟ್ ಅಂದೇಳಿ ಕೇಂಡ್ಕಂಡ್ ಬನ್ನಿ." ಅಪ್ಪ ಏನು ಹೇಳಿದರು ಎಂದು ಕೇಳಿದೆ. ಬೈಕಿಗೆ ಗೋಣಿ ಸುತ್ತುತ್ತಿದ್ದರಂತೆ.

ಜೂನ್ ಕೊನೆಯ ವಾರ ಅಪ್ಪ ವಿಮಾನದಲ್ಲಿ ಬಂದಿಳಿದರು, ಶಾರ್ಜಾದ ಬಂದರಿನಿಂದ ಬೈಕನ್ನು ಬಿಡಿಸಿಕೊಂಡೆವು. ಅಪ್ಪ ಅದರ ಹಿಂದಿನ ಕಬ್ಬಿಣದ ಸ್ಟ್ಯಾಂಡನ್ನು ಬಿಚ್ಚಿರಲಿಲ್ಲ. ಮೀನಿನ ಪೆಟ್ಟಿಗೆ ಕೂರುವ ಜಾಗದಲ್ಲಿ ನಮ್ಮ ಬಟ್ಟೆ, ನೀರಿನ ಕ್ಯಾನು, ಕುಚ್ಚಲಕ್ಕಿಯ ಗಂಟು, ಅಮ್ಮನ ಮಾವಿನಮಿಡಿ ಉಪ್ಪಿನಕಾಯಿ ಎಲ್ಲವನ್ನೂ ಮೀನಿನದೇ ಒಂದು ಪ್ಲಾಸ್ಟಿಕ್ ಕ್ರೇಟಿನಲ್ಲಿ ತುಂಬಿ, ಮೀನಿನ ಪೆಟ್ಟಿಗೆ ಕಟ್ಟುವ ಕತ್ತದ ಹಗ್ಗದಲ್ಲೇ ಕಟ್ಟಿದೆವು. ಎಷ್ಟು ತೊಳೆದರೂ ಕ್ರೇಟಿನಲ್ಲಿ ಬಂಗುಡೆಯ ವಾಸನೆ ಇತ್ತು. ಮುಂದೆ ನಂಬರ್ ಪ್ಲೇಟು ಕೆಎ ಇಪ್ಪತ್ತು. ಶಾರ್ಜಾದ ರಸ್ತೆಯಲ್ಲಿ ಅದನ್ನು ಕಂಡು ಒಂದು ಲಾರಿಯ ಕ್ಲೀನರು ಕಿಟಕಿಯಿಂದ ಅರ್ಧ ಮೈ ಹೊರಹಾಕಿ, "ಹ್ವಾಯ್, ಉಡ್ಪಿಯಾ ಕುಂದಾಪ್ರವಾ?" ಎಂದು ಕೂಗಿದ. ಅಪ್ಪ ಹಾರ್ನ್ ಹೊಡೆದು ಉತ್ತರ ಕೊಟ್ಟರು.

ನಮ್ಮ ದಾರಿಯ ಲೆಕ್ಕ ಇದು. ಯುಎಇಯಿಂದ ಓಮನಿನ ಗಡಿ ದಾಟುವುದು. ಅಲ್ಲಿಂದ ಮರಳುಗಾಡನ್ನು ಸೀಳಿ ಸಾವಿರ ಕಿಲೋಮೀಟರು ದಕ್ಷಿಣದ ಸಲಾಲಾಕ್ಕೆ. ಅಲ್ಲಿಂದ ಮಸ್ಕತ್ತು. ಮಸ್ಕತ್ತಿನಿಂದ ಬೈಕು ಹಡಗಿನಲ್ಲಿ ಮುಂಬೈಗೆ, ನಾವು ವಿಮಾನದಲ್ಲಿ ಊರಿಗೆ. ಅಪ್ಪನ ಯುಎಇ ವೀಸಾ ಒಂದೇ ಪ್ರವೇಶದ್ದು. ಒಮ್ಮೆ ಹೊರಗೆ ಹೋದರೆ ಮತ್ತೆ ಒಳಗೆ ಬರುವಂತಿಲ್ಲ. ಬರುವ ಅಗತ್ಯವೂ ಇಲ್ಲವಲ್ಲ ಎಂದು ನಾನು ಅದರ ಬಗ್ಗೆ ಹೆಚ್ಚು ಯೋಚಿಸಿರಲಿಲ್ಲ.

ಗಡಿಯಲ್ಲಿ ಯುಎಇ ಕಡೆಯ ಕೆಲಸ ಬೇಗ ಮುಗಿಯಿತು. ಪಾಸ್‌ಪೋರ್ಟಿಗೆ ಹೊರಹೋದ ಮುದ್ರೆ, ಕಾರ್ನೆಗೆ ಹೊರಹೋದ ಮುದ್ರೆ. ಅಲ್ಲಿಂದ ಓಮನಿನ ಠಾಣೆಯವರೆಗೆ ಬರಿಯ ಕಲ್ಲು, ಗುಡ್ಡ, ಮುಳ್ಳುತಂತಿ. ಯಾವ ದೇಶದ್ದೂ ಅಲ್ಲದ ಆ ದಾರಿಯಲ್ಲಿ ಅಪ್ಪ ಬೈಕು ಓಡಿಸಿದರು, ನಾನು ಹಿಂದೆ ಕೂತಿದ್ದೆ. ಅವರು ಹೆಲ್ಮೆಟ್ಟಿನ ಒಳಗೆ ತಲೆಗೆ ಒದ್ದೆ ಟವೆಲು, ನಮ್ಮ ಬೈರಾಸು, ಸುತ್ತಿಕೊಂಡಿದ್ದರು. ಅದು ಕಾಲು ಗಂಟೆಗೆ ಒಣಗುತ್ತಿತ್ತು.

ಓಮನಿನ ತಪಾಸಣೆಯ ಮಾಡಿನ ಕೆಳಗೆ ಇದ್ದದ್ದು ನಡುವಯಸ್ಸು ದಾಟಿದ ಒಬ್ಬ ಅಧಿಕಾರಿ. ಬಿಳಿ ಗಡ್ಡ, ಸಮಾಧಾನದ ಮುಖ, ಒಳ್ಳೆಯ ಹಿಂದಿ. ನನ್ನ ಫೈಲು ನೋಡಿ ಅವರಿಗೆ ಖುಷಿಯಾಯಿತು. ಯಾವ ಕಾಗದ ಕೇಳಿದರೂ ಅದು ಕೇಳಿದ ಕ್ಷಣಕ್ಕೆ ಸಿಗುತ್ತಿತ್ತು. ವಿಮೆ ಸರಿ, ವೀಸಾ ಸರಿ, ಎಂಜಿನ್ ನಂಬರ್ ಸರಿ. ಕಡೆಗೆ ಚಾಸಿಸ್ ನಂಬರ್ ನೋಡಲು ಹ್ಯಾಂಡಲಿನ ಬುಡಕ್ಕೆ ಬಗ್ಗಿದರು. ಟಾರ್ಚು ಬಿಟ್ಟರು. ಹೆಬ್ಬೆರಳಿನಿಂದ ಉಜ್ಜಿದರು. ಮತ್ತೆ ಟಾರ್ಚು ಬಿಟ್ಟರು. ಆಮೇಲೆ ಎದ್ದು ನಿಂತು, ನಂಬರ್ ಎಲ್ಲಿ ಎಂದು ನನ್ನನ್ನು ಕೇಳಿದರು.

ನಾನೂ ಬಗ್ಗಿ ನೋಡಿದೆ. ನಂಬರ್ ಕೆತ್ತಿರುವ ಜಾಗದಲ್ಲಿ ಕಪ್ಪಗೆ, ಗಾಜಿನ ಹಾಗೆ ಹೊಳೆಯುವ ದಪ್ಪ ಪದರ. ಮುಂಬೈಯಲ್ಲೂ ಶಾರ್ಜಾದಲ್ಲೂ ಬಂದರಿನವರು ಎಂಜಿನ್ ನಂಬರನ್ನೂ ಪ್ಲೇಟನ್ನೂ ನೋಡಿ ಬಿಟ್ಟಿದ್ದರು. ಬೈಕಿನ ಮೈ ಕಪ್ಪಗಿರುವುದು ನನಗೂ ಕಂಡಿತ್ತು. ಗ್ರೀಸು ಅಂದುಕೊಂಡು ಸುಮ್ಮನಾಗಿದ್ದೆ. ಅಪ್ಪನ ಕಡೆ ತಿರುಗಿದೆ. ಅವರು ಬೈಕನ್ನು ನೋಡುತ್ತಿದ್ದರು, ನನ್ನನ್ನಲ್ಲ.

"ಅದ್ ಗೇರೆಣ್ಣಿ," ಅಂದರು.

"ಎಂತ?"

"ಗೇರ್‌ಬೀಜದ್ ಎಣ್ಣಿ. ಎರ್ಡ್ ಕೋಟ್ ಹೊಡ್ದೆ. ಹಡಗಂಗೆ ಹೋಪುದಲ್ದಾ, ಉಪ್ಪ್ ಗಾಳಿ ತಾಗುದ್ ಬ್ಯಾಡ ಅಂದೇಳಿ."

ಗೇರುಬೀಜದ ಸಿಪ್ಪೆಯಿಂದ ತೆಗೆಯುವ ಈ ಎಣ್ಣೆಯನ್ನು ನಮ್ಮಲ್ಲಿ ಮರದ ದೋಣಿಗಳಿಗೆ ಬಳಿಯುತ್ತಾರೆ. ಒಣಗಿದರೆ ಕಲ್ಲಿನ ಹಾಗೆ. ಹುಳು ಹೊಗದು, ನೀರು ಹೊಗದು. ಅಪ್ಪ ಪ್ರತಿ ಮಳೆಗಾಲ ದೋಣಿಯವರು ದೋಣಿಗೆ ಬಳಿಯುವಾಗ ಅವರಿಂದ ಒಂದು ಡಬ್ಬಿ ಕೇಳಿ ತಂದು ಬೈಕಿನ ಮೈಗೂ ಒಂದು ತೆಳು ಕೈ ಎಳೆಯುತ್ತಾರೆ. ಕರಗಿದ ಮಂಜುಗಡ್ಡೆಯ ಉಪ್ಪುನೀರು ಇಡೀ ವರ್ಷ ಸೋರಿ ಸೋರಿ ಬೇರೆ ಮೀನಿನವರ ಬೈಕುಗಳ ಅಡಿ ನಾಲ್ಕೈದು ವರ್ಷಕ್ಕೆ ತೂತು ಬೀಳುತ್ತದೆ. ಅಪ್ಪನ ಈ ಎರಡನೆಯ ಬೈಕು ಹನ್ನೆರಡು ವರ್ಷವಾದರೂ ಗಟ್ಟಿ. ಈ ಸಲ ಬೈಕು ಕಡಲಿನ ಮೇಲೆ ಹೋಗುತ್ತದೆ ಎಂದು ಎರಡು ಕೈ, ಅದೂ ದಪ್ಪಗೆ. ಕಾರ್ನೆಗಾಗಿ ಬೈಕಿನ ಪರೀಕ್ಷೆ ಆದ ಮೇಲೆ, ರೈಲಿಗೆ ಹಾಕುವ ಮೊದಲು. ದೋಣಿಯನ್ನು ನೀರಿಗೆ ಇಳಿಸುವ ಮೊದಲು ಮಾಡುವ ಹಾಗೆ. ದೋಣಿಗೆ ಚಾಸಿಸ್ ನಂಬರ್ ಇರುವುದಿಲ್ಲ, ಅಷ್ಟೇ.

ಅಧಿಕಾರಿ ಗದರಲಿಲ್ಲ. ಕಾಗದದಲ್ಲಿ ಇರುವ ನಂಬರ್ ಕಬ್ಬಿಣದಲ್ಲೂ ಕಾಣದೆ ತಾನು ಮುದ್ರೆ ಒತ್ತುವ ಹಾಗಿಲ್ಲ ಎಂದು ಬಿಡಿಸಿ ಹೇಳಿದರು. ಬೈಕು ಇಲ್ಲಿಯ ಅಂಗಳದಲ್ಲಿ ಇರಲಿ, ಕಾರ್ನೆ ಕೊಟ್ಟವರಿಂದ ಪತ್ರ ತರಿಸಿ, ಪತ್ರ ಬಂದ ಮೇಲೆ ಬೈಕು ಬಿಡುತ್ತೇವೆ, ಅಲ್ಲಿಯವರೆಗೆ ನೀವಿಬ್ಬರು ಬೇಕಾದರೆ ಟ್ಯಾಕ್ಸಿಯಲ್ಲಿ ಮುಂದೆ ಹೋಗಿ. ಪತ್ರಕ್ಕೆ ಎಷ್ಟು ದಿನ ಎಂದು ಕೇಳಿದೆ. ವಾರಗಳು ಹಿಡಿಯಬಹುದು ಅಂದರು. ಆಮೇಲೆ ಹಡಗು, ಆಮೇಲೆ ಮುಂಬೈ, ಆಮೇಲೆ ರೈಲು. ಹೇಗೆ ಕೂಡಿಸಿದರೂ ಆಗಸ್ಟ್ ಕಳೆದು ಸೆಪ್ಟೆಂಬರ್ ಆಗುತ್ತಿತ್ತು. ಹಿಂದಕ್ಕೆ ಹೋಗೋಣವೆಂದರೆ ಅಪ್ಪನ ವೀಸಾ ಮುಗಿದಿತ್ತು. ಮುಂದೆ ಬೈಕು ಹೋಗದು, ಹಿಂದೆ ಅಪ್ಪ ಹೋಗರು.

ನಾನು ಅಪ್ಪನಿಗೆ ಎಲ್ಲವನ್ನೂ ಹೇಳಿದೆ. ಅವರು ಮಾಡಿನ ನೆರಳಿನಲ್ಲಿ ಬೈಕಿನ ಪಕ್ಕ ನೆಲಕ್ಕೆ ಕೂತರು.

"ನೀ ಹೋಗ್ ಮಗಾ. ನಿಂಗ್ ಕೆಲ್ಸ ಇತ್ತ್. ನಾ ಇಲ್ಲೇ ಕೂಕಂತೆ."

"ಇಲ್ಲಿ ಕೂಕಂಡ್ ಎಂತ ಮಾಡುದ್ ಅಪ್ಪಾ?"

"ಬೈಕ್ ಬಿಟ್ಟಿಕಿ ಹ್ಯಾಂಗ್ ಬಪ್ಪುದ್ ಹೇಳ್. ಹಾಲಾಡಿಗೆ ತಲಿ ಮೇಲೆ ಬುಟ್ಟಿ ಹೊತ್ಕಂಡ್ ಹೋಪುದಾ?"

ಸಿಟ್ಟಿನಿಂದ ಹೇಳಿದ ಮಾತಲ್ಲ. ಅಜ್ಜಿ ಹಾಗೆಯೇ ಬುಟ್ಟಿ ಹೊತ್ತು ನಡೆದವಳು. ಬೈಕು ಬಂದ ಮೇಲೆ ನಮ್ಮ ಮನೆಯ ತಲೆಯ ಮೇಲಿನ ಬುಟ್ಟಿ ಇಳಿದದ್ದು. ನಾನು ಓದಿದ್ದೂ ಈ ಬೈಕಿನ ಮೇಲೆಯೇ.

ಟೂಲ್ ಬ್ಯಾಗಿನಿಂದ ಸ್ಕ್ರೂ ಡ್ರೈವರ್ ತೆಗೆದು ಪದರ ಕೆರೆಯಲು ಹೊರಟೆ. ಅಧಿಕಾರಿ ಕೈ ಅಡ್ಡ ಹಿಡಿದರು. ಚಾಸಿಸ್ ನಂಬರಿಗೆ ಲೋಹ ತಾಗಿಸಿದರೆ ನಂಬರ್ ತಿದ್ದಿದ ಹಾಗೆ, ಅದು ದೊಡ್ಡ ಅಪರಾಧ, ಒಂದು ಗೀರು ಬಿದ್ದರೂ ತಾನು ಸುಮ್ಮನಿರುವಂತಿಲ್ಲ ಎಂದರು. ನಾನು ಅದನ್ನು ಹಾಗೆಯೇ ಚೀಲಕ್ಕೆ ಹಾಕಿದೆ.

ಅವರು ಹೋಗಿ ಕುರ್ಚಿಯಲ್ಲಿ ಕೂತರು. ಸ್ವಲ್ಪ ಹೊತ್ತಿನ ಮೇಲೆ ಅಪ್ಪನನ್ನೇ ಹಿಂದಿಯಲ್ಲಿ ಕೇಳಿದರು, ಇದೆಂತಹ ಪೇಂಟು, ಬೈಕಿಗೆ ಯಾರಾದರೂ ಇದನ್ನು ಬಳಿಯುತ್ತಾರೆಯೇ ಎಂದು. ಅಪ್ಪ ಹುಡುಗರಾಗಿದ್ದಾಗ ಎರಡು ವರ್ಷ ಮುಂಬೈ ಬಂದರಿನಲ್ಲಿ ಬೋಟಿಗೆ ಹೋದವರು. ಆ ಬಂದರಿನ ಹಿಂದಿಯಲ್ಲಿ ಉತ್ತರ ಕೊಟ್ಟರು. ಇದು ಬೈಕಿನ ಪೇಂಟಲ್ಲ ಸಾಹೇಬರೇ, ದೋಣಿಯದು. ನಾವು ದೋಣಿಯ ಜನ. ಈ ಬೈಕು ದಿನವೂ ಉಪ್ಪುನೀರು ಕುಡಿಯುತ್ತದೆ, ಅದಕ್ಕೆ ದೋಣಿಯ ಔಷಧವನ್ನೇ ಕೊಟ್ಟೆ.

ಅಧಿಕಾರಿ ಕುರ್ಚಿ ಬಿಟ್ಟು ಎದ್ದು ಬಂದರು. ಪದರದ ಮೇಲೆ ಬೆರಳಾಡಿಸಿ ಮೂಸಿದರು. ಅವರ ಊರೂ ಕಡಲ ದಂಡೆಯದಂತೆ. ಅವರ ಅಜ್ಜ ತಮ್ಮ ಹಾಯಿ ಹಡಗಿಗೆ ಸೊರ ಮೀನಿನ ಎಣ್ಣೆ ಬಳಿಯುತ್ತಿದ್ದರಂತೆ. ಬಳಿದ ದಿನ ಆ ನಾತಕ್ಕೆ ಅಜ್ಜಿ ಅಜ್ಜನನ್ನು ಮನೆಯೊಳಗೆ ಸೇರಿಸುತ್ತಿರಲಿಲ್ಲ, ಅಜ್ಜ ಹಡಗಿನಲ್ಲೇ ಮಲಗಬೇಕಿತ್ತು ಎಂದು ನಕ್ಕರು. ಅಪ್ಪನೂ ನಕ್ಕರು. ಮನೆಯಲ್ಲಿ ನಮ್ಮಮ್ಮ ಸೇರಿಸುತ್ತಾಳೆ, ಆದರೆ ಊಟ ಹೊರಗೆ ಬಡಿಸುತ್ತಾಳೆ ಎಂದರು. ಅದು ನಿಜ.

ಆಮೇಲೆ ಅಧಿಕಾರಿ ಒಂದು ದಾರಿ ಹೇಳಿದರು. ಲೋಹ ತಾಗಿಸಬಾರದು, ಕೆಲಸ ತನ್ನ ಕಣ್ಣೆದುರೇ ಆಗಬೇಕು. ತನ್ನ ಪಾಳಿ ಮುಗಿಯುವುದರೊಳಗೆ ನಂಬರ್ ಪೂರ್ತಿ ಕಂಡರೆ ತಾನೇ ಮುದ್ರೆ ಒತ್ತುತ್ತೇನೆ. ಕಾಣದಿದ್ದರೆ ಬೈಕು ಅಂಗಳಕ್ಕೆ.

ಮೊದಲು ಪೆಟ್ರೋಲಿನಲ್ಲಿ ಬಟ್ಟೆ ಅದ್ದಿ ಒರೆಸಿದೆ. ಪದರ ಇನ್ನಷ್ಟು ಹೊಳೆಯಿತು. ಊರಿನಲ್ಲಿ ದೋಣಿಯ ಹಳೆಯ ಎಣ್ಣೆ ತೆಗೆಯಬೇಕಾದರೆ ಅಡಿಯಲ್ಲಿ ತೆಂಗಿನ ಗರಿ ಹೊತ್ತಿಸಿ ಕಾವು ಕೊಡುತ್ತಾರೆ ಎಂದು ಅಪ್ಪ ಹೇಳಿದರು. ಕಾವಿಗೆ ಅದು ಬೆಲ್ಲದ ಪಾಕದ ಹಾಗೆ ಆಗುತ್ತದಂತೆ. ಗಡಿ ಠಾಣೆಯಲ್ಲಿ, ಪೆಟ್ರೋಲ್ ತುಂಬಿದ ಬೈಕಿನ ಕೆಳಗೆ ಬೆಂಕಿ ಹಾಕುವುದು ಸಾಧ್ಯವೇ? ಮಾಡಿನ ಅಂಚಿನಿಂದ ಆಚೆ ಕಾಂಕ್ರೀಟಿನ ಅಂಗಳ ಬಿಸಿಲಿಗೆ ಬೆಳ್ಳಗೆ ನಡುಗುತ್ತಿತ್ತು. ನಾನು ಅಲ್ಲಿಗೆ ಕೈ ತೋರಿಸಿದೆ.

"ಅಪ್ಪಾ, ಕಾವ್ ಅಲ್ಲ್ ಇತ್ತಲೆ."

ಬೈಕನ್ನು ನೆರಳಿನಿಂದ ಹೊರಗೆ ತಳ್ಳಿ, ಹ್ಯಾಂಡಲಿನ ಬುಡ ಸೂರ್ಯನಿಗೆ ನೇರ ಬರುವ ಹಾಗೆ ಓರೆಯಾಗಿ ನಿಲ್ಲಿಸಿದೆವು. ಸ್ಟ್ಯಾಂಡಿಗೆ ಕಟ್ಟಿದ್ದ ಪೆಟ್ರೋಲಿನ ಕ್ಯಾನು ಬಿಚ್ಚಿ ನೆರಳಿಗೆ ಇಟ್ಟೆವು, ಟ್ಯಾಂಕಿನ ಮೇಲೆ ಒದ್ದೆ ಬಟ್ಟೆ ಹೊದಿಸಿದೆವು. ಒಂದು ಗಂಟೆ ಕಾದೆವು. ಅಪ್ಪ ಹೋಗಿ ಉಗುರಿನಿಂದ ಒತ್ತಿ ನೋಡಿದರು. ಉಗುರಿನ ಗುರುತು ಬಿತ್ತು. ಅವರ ಮುಖದಲ್ಲಿ ಅಂದು ಮೊದಲ ಸಲ ಗೆಲುವು ಕಂಡಿತು.

ಕೆರೆಯಲು ಲೋಹವಲ್ಲದ್ದು ಬೇಕಿತ್ತು. ಕ್ರೇಟು ಕಟ್ಟಿದ್ದ ಕತ್ತದ ಹಗ್ಗವನ್ನು ಬಿಚ್ಚಿ, ತುದಿಯನ್ನು ಬಿಡಿಸಿ ಕುಂಚ ಮಾಡಿದರು ಅಪ್ಪ. ನಾನು ಅದನ್ನು ಪೆಟ್ರೋಲಿನಲ್ಲಿ ಒಂದಿಷ್ಟೇ ಅದ್ದಿ ಕೊಡುವುದು, ಅವರು ಉಜ್ಜುವುದು. ಕೈ ಸೋತಾಗ ನಾನು ಉಜ್ಜುವುದು, ಅವರು ಅದ್ದುವುದು. ಈ ಎಣ್ಣೆ ಚರ್ಮಕ್ಕೆ ತಾಗಿದರೆ ಬೊಕ್ಕೆ ಏಳುತ್ತದೆ. ಅದನ್ನು ಕೇಳಿ ಅಧಿಕಾರಿ ಒಳಗಿನಿಂದ ಎರಡು ಜೊತೆ ರಬ್ಬರ್ ಕೈಗವಸು ತಂದು ಕೊಟ್ಟರು. ಬಿಸಿಲಿನಲ್ಲಿ ಐದು ನಿಮಿಷಕ್ಕಿಂತ ಹೆಚ್ಚು ನಿಲ್ಲಲಾಗುತ್ತಿರಲಿಲ್ಲ. ಹೋಗಿ ಉಜ್ಜುವುದು, ಓಡಿ ಬಂದು ನೆರಳಿನಲ್ಲಿ ನೀರು ಕುಡಿಯುವುದು. ದಾರಿಯಲ್ಲಿ ಹೋಗುವ ಕಾರಿನವರು ಗಾಜು ಇಳಿಸಿ ನಮ್ಮನ್ನು ನೋಡುತ್ತಿದ್ದರು.

ಮೊದಲು ಕಂಡದ್ದು ಒಂದು ಇಂಗ್ಲಿಷ್ ಅಕ್ಷರ. ಆಮೇಲೆ ಇನ್ನೊಂದು. ಅಧಿಕಾರಿ ಛತ್ರಿ ಹಿಡಿದು ಬಿಸಿಲಿಗೇ ಬಂದು ನಿಂತರು. ಒಂದೊಂದು ಅಂಕಿ ಬಿಚ್ಚಿದಾಗಲೂ ಅವರು ಗಟ್ಟಿಯಾಗಿ ಓದುವುದು, ನಾನು ಕಾರ್ನೆಯ ಮೇಲೆ ಬೆರಳಿಟ್ಟು ಹೌದು ಅನ್ನುವುದು. ಕೊನೆಯ ಮೂರು ಅಂಕಿಗಳ ಮೇಲೆ ಎಣ್ಣೆ ಇಳಿದು ಗಡ್ಡೆ ಕಟ್ಟಿತ್ತು. ಅದು ಮೆತ್ತಗಾಗಲು ಮತ್ತೆ ಕಾಯಬೇಕಿತ್ತು. ಠಾಣೆಯ ಒಳಗೆ ಮುಂದಿನ ಪಾಳಿಯವರು ಬಂದು ಚಹಾ ಕುಡಿಯುತ್ತಿರುವುದು ಕಿಟಕಿಯಲ್ಲಿ ಕಾಣುತ್ತಿತ್ತು. ಅಪ್ಪ ಕಾಯಲಿಲ್ಲ. ಹಗ್ಗ ಕೈಗೆ ಸುತ್ತಿಕೊಂಡು ಒಂದೇ ಸಮನೆ ಉಜ್ಜಿದರು. ನಾನು ಅವರ ಬೆನ್ನಿಗೆ ನೀರು ಸುರಿಯುತ್ತ ನಿಂತೆ. ಗಡ್ಡೆ ಒಮ್ಮೆಗೇ ಹಲಸಿನ ಮೇಣದ ಹಾಗೆ ಎದ್ದು ಬಂತು. ಎಂಟು, ನಾಲ್ಕು, ಒಂದು. ನಾನು ಮೂರು ಸಲ ಹೌದು ಅಂದೆ.

ಅಧಿಕಾರಿ ಮಂಡಿಯೂರಿ ಇಡೀ ನಂಬರನ್ನು ಇನ್ನೊಮ್ಮೆ ನೋಡಿದರು. ಅಂಕಿಗಳು ಕಾರ್ಖಾನೆಯಿಂದ ನಿನ್ನೆ ಬಂದ ಹಾಗೆ ಇದ್ದವು. ಕಡಲ ಕಡೆಯ ಎಷ್ಟೋ ಗಾಡಿಗಳ ನಂಬರನ್ನು ತುಕ್ಕು ತಿಂದಿರುತ್ತದೆ, ಹನ್ನೆರಡು ವರ್ಷದ ಬೈಕಿನಲ್ಲಿ ಇಷ್ಟು ಸ್ವಚ್ಛ ನಂಬರನ್ನು ತಾನು ಕಂಡಿಲ್ಲ ಎಂದರು. ನಾನು ಅದನ್ನು ಅಪ್ಪನಿಗೆ ಹೇಳುವ ಅಗತ್ಯವಿರಲಿಲ್ಲ. ಹಿಂದಿ ಅವರಿಗೆ ತಿಳಿದಿತ್ತು. ಆದರೂ ನನ್ನ ಕಡೆ ತಿರುಗಿ ನಮ್ಮ ಭಾಷೆಯಲ್ಲಿ ಹೇಳಿದರು:

"ಕೇಂಡ್ಯಾ ಹೆಣೆ? ಒಂಚೂರ್ ತುಕ್ಕ್ ಇಲ್ಲೆ."

ಡಿಸೆಂಬರಿನಲ್ಲಿ ಬಂದಿದ್ದರೆ ಆ ಪದರ ಮೆತ್ತಗಾಗುತ್ತಿರಲಿಲ್ಲ. ನಮ್ಮ ಜೂನ್ ತಿಂಗಳನ್ನು ಕಂಡು ನಕ್ಕವರಿಗೆ ಹೇಳಲು ನಾನು ಅದನ್ನು ಅಂದಿನ ದಿನಚರಿಯಲ್ಲಿ ಗೆರೆ ಎಳೆದು ಬರೆದಿದ್ದೇನೆ. ಕಾರ್ನೆಗೆ ಓಮನಿನ ಒಳಬಂದ ಮುದ್ರೆ ಬಿತ್ತು. ಅಧಿಕಾರಿ ಅಪ್ಪನ ಕೈ ಕುಲುಕಿ, ಅವರು ಬೇಡ ಬೇಡ ಎಂದರೂ ಒಂದು ಪೊಟ್ಟಣ ಖರ್ಜೂರವನ್ನು ಕ್ರೇಟಿನೊಳಗೆ ಇಟ್ಟರು. ಗೇಟಿನ ಅಡ್ಡಕೋಲು ಮೇಲೆದ್ದಾಗ ಅಪ್ಪ ಹಾರ್ನ್ ಹೊಡೆದರು, ಹಾಲಾಡಿಯ ಪೇಟೆಗೆ ಹೊಗುವಾಗ ಹೊಡೆಯುವ ಹಾಗೆ, ಉದ್ದಕ್ಕೆ ಎರಡು ಸಲ.

ಮುಂದಿನ ಸಾವಿರ ಕಿಲೋಮೀಟರು ನಾವು ಬೆಳಕು ಹರಿಯುವಾಗ ಹೊರಟು ಹತ್ತು ಗಂಟೆಗೆ ನಿಲ್ಲುತ್ತಿದ್ದೆವು. ಮಧ್ಯಾಹ್ನ ಪೆಟ್ರೋಲ್ ಬಂಕಿನ ಪಕ್ಕದ ಚಹಾದಂಗಡಿಯಲ್ಲಿ ಕುಚ್ಚಲಕ್ಕಿ ಗಂಜಿ, ಮಿಡಿ ಉಪ್ಪಿನಕಾಯಿ. ಒಲೆ ಕೊಟ್ಟ ಅಂಗಡಿಯವರಿಗೂ ಒಂದು ಬಟ್ಟಲು ಗಂಜಿ. ನಾವು ನಿಲ್ಲಿಸಿದ ಎಲ್ಲ ಬಂಕುಗಳಲ್ಲೂ ಎಲ್ಲಿಂದಲೋ ಬೆಕ್ಕುಗಳು ಬಂದು ಕ್ರೇಟಿನ ಸುತ್ತ ತಿರುಗಿದವು. ಬಿಸಿಲು ಇಳಿದ ಮೇಲೆ ಮತ್ತೆ ಸವಾರಿ. ಎಡಕ್ಕೆ ಮರಳು, ಬಲಕ್ಕೆ ಮರಳು, ನಡುವೆ ನೂಲಿನ ಹಾಗೆ ರಸ್ತೆ. ಒಂದು ತಿರುವು ಬಂದರೆ ಹಬ್ಬ. ಗಾಳಿಗೆ ರಸ್ತೆಯ ಮೇಲೆ ಮರಳು ಹಾವಿನ ಹಾಗೆ ಹರಿಯುತ್ತಿತ್ತು. ಒಂಟೆಗಳು ನಮ್ಮ ಹಾರ್ನಿಗೆ ಕಿವಿಯನ್ನೂ ಅಲ್ಲಾಡಿಸಲಿಲ್ಲ. ಅಪ್ಪನಿಗೆ ಅದೊಂದು ಬೇಸರ.

ಒಂದು ಸಂಜೆ, ನಾನು ಓಡಿಸುತ್ತಿದ್ದಾಗ, ಹಿಂದಿನಿಂದ ಅಪ್ಪ ಕೇಳಿದರು, ಈ ದಾರಿಯಲ್ಲಿ ಮೀನು ಮಾರುವವರು ಇದ್ದಾರೋ ಇಲ್ಲವೋ ಎಂದು. ಇಲ್ಲಿ ಮನೆಗಳೇ ಇಲ್ಲವಲ್ಲ ಎಂದೆ. ಬಂಕಿನವರಿದ್ದಾರೆ, ಲಾರಿಯವರಿದ್ದಾರೆ, ವಾರಕ್ಕೆ ಎರಡು ಸಲ ಬಂದರೂ ಸಾಕು ಎಂದು ಅವರು ಲೆಕ್ಕ ಹಾಕತೊಡಗಿದರು. ಮಂಜುಗಡ್ಡೆ ಎಲ್ಲಿ ಬದಲಿಸಬೇಕು ಎನ್ನುವುದೂ ಗೊತ್ತಾಗಿತ್ತು ಅವರಿಗೆ. ಲೆಕ್ಕದ ಹುಚ್ಚು ನನಗೆ ಎಲ್ಲಿಂದ ಬಂತೆಂದು ಆಗ ತಿಳಿಯಿತು.

ಸಲಾಲಾ ಇನ್ನೂ ಐವತ್ತು ಕಿಲೋಮೀಟರು ಇರುವಾಗ ಎದುರಿನ ಬೆಟ್ಟದ ನೆತ್ತಿ ಬೆಳ್ಳಗೆ ಮಾಸಿತ್ತು. ಹೊಗೆ ಇರಬೇಕು ಎಂದುಕೊಂಡೆವು. ಬೆಟ್ಟ ಇಳಿಯುವಾಗ ಮಂಜು ಮುಖಕ್ಕೆ ಬಡಿಯಿತು, ಆಮೇಲೆ ಹನಿ. ಮರಳುಗಾಡಿನ ಇತ್ತಕಡೆ ಹಸಿರು ಹುಲ್ಲು, ಮೇಯುವ ದನಗಳು. ನಮ್ಮೂರಿನ ಮೇಲೆ ಬೀಳುವ ಅದೇ ಮುಂಗಾರಿನ ಗಾಳಿ ಈ ಒಂದು ದಂಡೆಗೂ ತಾಗುತ್ತದೆ ಎಂದು ನಾನು ಓದಿದ್ದೆ. ಓದಿದ್ದು ಬೇರೆ, ನೆನೆದದ್ದು ಬೇರೆ. ಅಪ್ಪ ಬೈಕು ನಿಲ್ಲಿಸಿ ಹೆಲ್ಮೆಟ್ಟು ತೆಗೆದು, ಬೈರಾಸು ಬಿಚ್ಚಿ, ಬರಿ ತಲೆಯಲ್ಲಿ ನಿಂತರು.

ಮರುದಿನ ದಂಡೆಗೆ ಹೋದೆವು. ಕಡಲು ನಮ್ಮ ಆಷಾಢದ ಕಡಲಿನ ಹಾಗೆಯೇ ಎದ್ದಿತ್ತು. ದೋಣಿಗಳನ್ನೆಲ್ಲ ಮೇಲಕ್ಕೆ ಎಳೆದು ಕವುಚಿ ಹಾಕಿದ್ದರು. "ಇವ್ರಿಗೂ ರಜಿ," ಎಂದು ಅಪ್ಪ ಹೇಳಿದ್ದು, ನೆಂಟರ ಮನೆಯ ಸುದ್ದಿ ಹೇಳುವ ಹಾಗಿತ್ತು. ಒಂದು ಮಳಿಗೆಯಲ್ಲಿ ಒಣಗಿದ ಬೈಗೆ ಮೀನು, ಬೂತಾಯಿ ಅನ್ನುತ್ತಾರಲ್ಲ ಅದು, ಮೂಟೆಗಟ್ಟಲೆ ಇತ್ತು. ಒಂಟೆಗಳಿಗೆ ತಿನ್ನಿಸಲಿಕ್ಕಂತೆ. ಅಪ್ಪ ಒಂದು ಹಿಡಿ ತೆಗೆದು ಮೂಸಿ, ಒಣಗಿಸಿದ್ದು ಸರಿಯಾಗಿದೆ ಎಂದು ಒಪ್ಪಿಗೆ ಕೊಟ್ಟರು.

ಮಸ್ಕತ್ತಿನ ದಾರಿಯಲ್ಲಿ ಹೇಳುವಂಥದ್ದು ಏನೂ ಆಗಲಿಲ್ಲ, ಒಂದು ಪಂಕ್ಚರ್ ಬಿಟ್ಟರೆ. ಬಂದರಿನಲ್ಲಿ ಚಾಸಿಸ್ ನಂಬರ್ ನೋಡಬೇಕು ಎಂದಾಗ ಅಪ್ಪ ತಾವೇ ಮುಂದೆ ಹೋಗಿ, ಇಲ್ಲಿ ನೋಡಿ ಎಂದು ಬೆರಳು ತೋರಿಸಿದರು. ಹೊರಹೋದ ಮುದ್ರೆ ಬಿತ್ತು. ಜುಲೈ ಕೊನೆಗೆ ಬೈಕು ಮುಂಬೈಗೆ ಬಂತು, ಅಲ್ಲಿಂದ ರೈಲಿನಲ್ಲಿ ಊರಿಗೆ. ನಾನು ಉಳಿದ ರಜೆಯನ್ನು ಊರಿನಲ್ಲೇ ಕಳೆಯುತ್ತಿದ್ದೆ. ಸ್ಟೇಷನ್ನಿನಲ್ಲಿ ಗೋಣಿ ಬಿಚ್ಚಿ ಕಿಕ್ ಹೊಡೆದಾಗ ಮೂರನೆಯದಕ್ಕೆ ಬೈಕು ಎದ್ದಿತು. ಬೋಟುಗಳು ಕಡಲಿಗೆ ಇಳಿಯಲು ಇನ್ನೂ ಎರಡು ದಿನ ಇತ್ತು. ಕೊಟ್ಟ ಮಾತು ಉಳಿಯಿತು.

ಬೋಟುಗಳು ಮೊದಲ ಮೀನು ತಂದ ಬೆಳಿಗ್ಗೆ ನಾನೂ ಅಪ್ಪನ ಜೊತೆ ಹೋದೆ, ಅಮ್ಮನ ಸ್ಕೂಟರಿನಲ್ಲಿ ಹಿಂದೆ ಹಿಂದೆ. ಹಾಲಾಡಿಯಲ್ಲಿ ಬೈಕು ನಿಲ್ಲಿಸಿದ ಕೂಡಲೆ ಗಿರಾಕಿಗಳು ಕೂಡಿದರು. ಎರಡು ತಿಂಗಳು ಹಸಿಮೀನಿಗೆ ಕಾದ ಜನ. ಅಪ್ಪ ಬಂಗುಡೆ ತೂಗುತ್ತ ತೂಗುತ್ತ ಓಮನಿನ ಗಡಿಯ ಕಥೆ ಹೇಳತೊಡಗಿದರು. ಮನೆಯಲ್ಲಿ ಎರಡು ವಾಕ್ಯ ಮಾತಾಡದವರು. ಅಧಿಕಾರಿ ಹೇಗೆ ಮಂಡಿಯೂರಿದ, ಛತ್ರಿ ಹೇಗೆ ಹಿಡಿದ, ನಂಬರ್ ಹೇಗೆ ಹೊಳೆಯಿತು. ಒಬ್ಬಿಬ್ಬರು ಬಗ್ಗಿ ಹ್ಯಾಂಡಲಿನ ಬುಡ ನೋಡಿದರು. ಬಟ್ಟಲು ಹಿಡಿದು ನಿಂತಿದ್ದ ಒಬ್ಬ ಹಿರಿಯ ಹೆಂಗಸು ಎಲ್ಲವನ್ನೂ ಕೇಳಿ, ಪೆಟ್ಟಿಗೆಯಿಂದ ಒಂದು ಬಂಗುಡೆ ಎತ್ತಿ, ಕಿವಿರು ಬಿಡಿಸಿ ನೋಡಿದರು.

"ಬೈಕಿಗ್ ತುಕ್ಕ್ ಹಿಡಿಲಿಲ್ಲ ಅಂಬುದ್ ಗೊತ್ತಾಯ್ತ್. ಮೀನ್ ನಿನ್ನಿದಾ ಇವತ್ತಿಂದಾ ಅದ್ ಹೇಳಿ ಮಾರಾಯ್ರೆ."

"ಇವತ್ತಿಂದ್ ಅಕ್ಕಾ," ಅಂದರು ಅಪ್ಪ. ಮೇಲಿಂದ ಎರಡು ಬಂಗುಡೆ ಹೆಚ್ಚು ಹಾಕಿದರು.